ಆಯವ್ಯಯ ಶಿಶು ಲಕ್ಷಣಂ

ಕನ್ನಡಕ್ಕೆ ಶಾಸ್ತ್ರಗ್ರಂಥಗಳ ಬಡತನವಿಲ್ಲ. ದನಕರುಗಳಿಗಾಗಿ ಕೀರ್ತಿವರ್ಮ ‘ಗೋವೈದ್ಯ’ ಬರೆದ. ಕೇಶಿರಾಜ ವರ್ಣಗಳನ್ನೂ ಪ್ರತ್ಯಯಗಳನ್ನೂ ಸೂತ್ರಕ್ಕೆ ಕಟ್ಟಿದ. ಮೂರನೆಯ ಮಂಗರಸ ಹೋಳಿಗೆ, ಪಾನಕಗಳನ್ನೂ ಬಿಡದೆ ಷಟ್ಪದಿಯಲ್ಲಿ ‘ಸೂಪಶಾಸ್ತ್ರ’ ಹೇಳಿದ. ಕುದುರೆಗೆ ಶಾಸ್ತ್ರವುಂಟು, ಮಳೆಗೆ ಶಾಸ್ತ್ರವುಂಟು, ಹಲ್ಲಿ ಬಿದ್ದದ್ದಕ್ಕೂ ಶಾಸ್ತ್ರವುಂಟು. ಆದರೆ ಸರ್ಕಾರಿ ಶಾಲೆಗೆ ದಾಖಲಾದ ಮಗುವಿನ ಬಗ್ಗೆ, ಅದರಲ್ಲೂ ರಾಜ್ಯದ ಆಯವ್ಯಯ ಪತ್ರದ ಕಣ್ಣಿಗೆ ಬೀಳುವ ಮಗುವಿನ ಬಗ್ಗೆ, ಈವರೆಗೆ ಒಂದು ಲಕ್ಷಣಗ್ರಂಥ ಹುಟ್ಟಿಲ್ಲ. ಆ ಲೋಪವನ್ನು ತುಂಬುವುದಕ್ಕಾಗಿ ಈ ಪ್ರಕರಣ.

ಮೊದಲು ಲಕ್ಷಣ ಹೇಳಬೇಕು. ‘ಸರ್ಕಾರಿ ಶಾಲೆಯ ಕೋಣೆಯಲ್ಲಿ ಕೂತಿರುವ ಮಗುವೇ ಆಯವ್ಯಯ ಶಿಶು’ ಎಂದರೆ ಅವ್ಯಾಪ್ತಿ ದೋಷ ಬರುತ್ತದೆ. ಖಾಸಗಿ ಶಾಲೆಯಲ್ಲಿ ಕೂತು ಸರ್ಕಾರದಿಂದ ಫೀಸು ಕಟ್ಟಿಸಿಕೊಳ್ಳುವ ಮಗು ಹೊರಗುಳಿಯಿತು. ‘ಹಾಜರಿ ಪುಸ್ತಕದಲ್ಲಿ ಹೆಸರಿರುವ ಮಗು’ ಎಂದರೆ ಅತಿವ್ಯಾಪ್ತಿ. ಹೆಸರಿದ್ದು ಮಗುವೇ ಇಲ್ಲದ ಉದಾಹರಣೆಗಳನ್ನು ಮುಂದೆ ನೋಡಲಿದ್ದೇವೆ. ‘ಕಲಿಯುವ ಮಗು’ ಎಂದರೆ ಅಸಂಭವ ದೋಷ. 2202ನೆಯ ಲೆಕ್ಕ ಶೀರ್ಷಿಕೆಯಡಿ ಸಂಬಳ, ಭತ್ಯೆ, ಕಚೇರಿ ವೆಚ್ಚಗಳಿಗೆ ಜಾಗವಿದೆ. ಮಗುವಿಗೆ ಭಾಗಾಕಾರ ಬಂತೋ ಇಲ್ಲವೋ ಎಂಬುದಕ್ಕೆ ಕಲಂ ಇಲ್ಲ. ಆದ್ದರಿಂದ ನಿರ್ದುಷ್ಟ ಲಕ್ಷಣ ಹೀಗೆ: ಯಾವುದಾದರೊಂದು ಕಡತದಲ್ಲಿ ಹಣವಾಗಿ ಮಾರ್ಪಡುವ ಸಂಖ್ಯೆಯೇ ಆಯವ್ಯಯ ಶಿಶು. ಇದರಿಂದ ಒಂದೇ ಮಗು ಬೇರೆಬೇರೆ ಕಡತಗಳಲ್ಲಿ ಬೇರೆಬೇರೆ ಮಕ್ಕಳಾಗಿರುವುದಕ್ಕೆ ಅಡ್ಡಿಯಿಲ್ಲವೆಂದೂ ಸಿದ್ಧವಾಯಿತು.

ಇಲ್ಲಿ ಪೂರ್ವಪಕ್ಷ. ‘ಮಕ್ಕಳು ಹೆಚ್ಚಿದರೆ ಖರ್ಚು ಹೆಚ್ಚುತ್ತದೆ, ಕಡಿಮೆಯಾದರೆ ಖರ್ಚೂ ಇಳಿಯುತ್ತದೆ. ಇಷ್ಟಕ್ಕೆ ಶಾಸ್ತ್ರವೇಕೆ?’ ಎಂದು ಲೌಕಿಕರು ಕೇಳುತ್ತಾರೆ. ಹೊಗೆಯಿದ್ದಲ್ಲಿ ಬೆಂಕಿ ಎಂಬಷ್ಟು ಸರಳವಾದ ವ್ಯಾಪ್ತಿಯನ್ನು ಅವರು ಕಲ್ಪಿಸಿಕೊಂಡಿದ್ದಾರೆ. ಕರ್ನಾಟಕವನ್ನೇ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಇಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಶಾಲೆಗೆ ಬರಬೇಕಾದ ಮಕ್ಕಳು ಹುಟ್ಟುವುದೇ ಕಡಿಮೆಯಾಗಿದೆ. ಶಿಕ್ಷಣಕ್ಕೆ ಇಟ್ಟ ಹಣವೋ, ಉನ್ನತ ಶಿಕ್ಷಣವನ್ನೂ ಸೇರಿಸಿ, 2023-24ರಲ್ಲಿ 37,587 ಕೋಟಿ, 2024-25ರಲ್ಲಿ 44,422 ಕೋಟಿ, 2025-26ರಲ್ಲಿ 45,286 ಕೋಟಿ ರೂಪಾಯಿ. ನಡುವಿನ ಆ ಜಿಗಿತದ ವರ್ಷದಲ್ಲಿ ಹೊಸ ಮಕ್ಕಳ ದಂಡೇನೂ ಬರಲಿಲ್ಲ. ಬಂದದ್ದು ಏಳನೆಯ ವೇತನ ಆಯೋಗ: 2024ರ ಆಗಸ್ಟ್ 1ರಿಂದ ಮೂಲ ವೇತನ ಪರಿಷ್ಕರಣೆ, ಶೇ. 27.5ರ ಫಿಟ್‌ಮೆಂಟ್. ಹೊಗೆ ಎದ್ದದ್ದು ನಿಜ, ಬೆಂಕಿ ಮಾತ್ರ ಬೇರೆ ಒಲೆಯದು.

ಇದು ಅರ್ಥವಾಗಬೇಕಾದರೆ ಹಣದ ಪ್ರಭೇದ ತಿಳಿದಿರಬೇಕು. ಆಯವ್ಯಯದ ಹಣ ಸ್ಥಾವರ, ಜಂಗಮ ಎಂದು ಎರಡು ಬಗೆ. ಮಂಜೂರಾದ ಹುದ್ದೆ, ಅದರ ಸಂಬಳ, ತುಟ್ಟಿಭತ್ಯೆ, ವರ್ಷಕ್ಕೊಮ್ಮೆ ಸೇರುವ ಇಂಕ್ರಿಮೆಂಟು, ಕೊನೆಗೆ ಪಿಂಚಣಿ ಇವೆಲ್ಲ ಸ್ಥಾವರ. ತಲೆ ಎಣಿಸಿ ಕೊಡುವ ಅಕ್ಕಿ, ಹಾಲು, ಬಟ್ಟೆ, ಪುಸ್ತಕ, ಶೂ, ಸಾಕ್ಸು ಜಂಗಮ. ಶರಣರು ಯಾವುದಕ್ಕೆ ಅಳಿವಿಲ್ಲವೆಂದರೋ ಅದೇ ಇಲ್ಲಿ ಮೊದಲು ಅಳಿಯುತ್ತದೆ. ಹಣಕಾಸು ಇಲಾಖೆ ಕತ್ತರಿ ಎತ್ತಿಕೊಂಡಾಗ ಸಂಬಳದ ತಂಟೆಗೆ ಹೋಗುವುದಿಲ್ಲ, ಸೈಕಲ್ ನಿಲ್ಲಿಸುತ್ತದೆ. 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆಂದು ಶುರುವಾದ ಉಚಿತ ಸೈಕಲ್ ಕೋವಿಡ್ ಕಾಲದಲ್ಲಿ ನಿಂತದ್ದು ಹೀಗೆಯೇ.

ಇನ್ನು ಶಿಶುಪ್ರಭೇದಗಳು. ಎಲ್ಲಕ್ಕೂ ಮುಖ್ಯವಾದದ್ದು ಸೋಪಾನ ಶಿಶು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯೇ ಇದಕ್ಕೆ ಮೂಲಸೂತ್ರ. ಒಂದರಿಂದ ಐದನೆಯ ತರಗತಿಗಳಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು; 61ರಿಂದ 90ಕ್ಕೆ ಮೂವರು; 91ರಿಂದ 120ಕ್ಕೆ ನಾಲ್ವರು; 121ರಿಂದ 200ಕ್ಕೆ ಐವರು; 150 ದಾಟಿದರೆ ಐವರ ಜೊತೆಗೊಬ್ಬ ಮುಖ್ಯ ಶಿಕ್ಷಕ. (ಕೊನೆಯ ಎರಡು ಸೂತ್ರಗಳು ಒಂದರ ಮೇಲೊಂದು ಹತ್ತಿ ಕೂತಿರುವುದನ್ನು ವ್ಯಾಖ್ಯಾನಕಾರರು ಗಮನಿಸಬೇಕು. 160 ಮಕ್ಕಳ ಶಾಲೆ ಎರಡಕ್ಕೂ ಸಲ್ಲುತ್ತದೆ. ಪಾಣಿನಿಯಾಗಿದ್ದರೆ ಪರಸೂತ್ರವೇ ಬಲಿಷ್ಠವೆಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದ. ನಮ್ಮಲ್ಲಿ ಸ್ಪಷ್ಟೀಕರಣ ಕೋರಿ ಪತ್ರ ಬರೆಯಬೇಕು.)

ಸೂತ್ರದ ವೃತ್ತಿ ಹೀಗಿದೆ. 23 ಮಕ್ಕಳಿರುವ ಶಾಲೆಗೆ ಹೊಸದಾಗಿ 37 ಮಕ್ಕಳು ಬಂದು ಸೇರಿದರೂ ಸ್ಥಾವರ ಕದಲುವುದಿಲ್ಲ. ಹುದ್ದೆಯ ಲೆಕ್ಕದಲ್ಲಿ ಅಷ್ಟೂ ಮಕ್ಕಳು ಪುಕ್ಕಟೆ. ಆಮೇಲೆ ಯಾವುದೋ ಮನೆಯ ಇನ್ನೊಂದೇ ಮಗು ಸ್ಲೇಟು ಹಿಡಿದು ಬಂತೆನ್ನಿ. ಅದು ಅರವತ್ತೊಂದನೆಯದು. ಅದರ ಬೆನ್ನಿಗೆ ಒಂದು ಹುದ್ದೆ, ಆ ಹುದ್ದೆಯ ಬೆನ್ನಿಗೆ ಮೂವತ್ತು ವರ್ಷಗಳ ಸಂಬಳ ಬರಬೇಕು. ಅರವತ್ತೆರಡನೆಯದು ಮತ್ತೆ ಪುಕ್ಕಟೆ. ದಾಖಲಾತಿ ನೂರಕ್ಕೆ ಇಷ್ಟು ಏರಿತು, ಅದಕ್ಕೆ ತಕ್ಕಂತೆ ಆಯವ್ಯಯವೂ ಏರಬೇಕು ಎಂದು ತ್ರೈರಾಶಿ ಹಾಕುವವರು ಈ ಅರವತ್ತೊಂದನೆಯ ಮಗುವನ್ನು ಕಂಡಿಲ್ಲ. ರಾಜ್ಯದಲ್ಲಿ ಒಂದು ಲಕ್ಷ ಮಕ್ಕಳು ಹೆಚ್ಚಾದರೆ ಖರ್ಚೆಷ್ಟು ಎಂಬ ಪ್ರಶ್ನೆಗೆ ಉತ್ತರವೇ ಇಲ್ಲ; ಅವರು ಯಾವ ಯಾವ ಶಾಲೆಯ ಎಷ್ಟನೆಯ ಮಗುವಾಗಿ ಕೂತರು ಎಂದು ಮೊದಲು ಕೇಳಬೇಕು.

ಸೋಪಾನ ಶಿಶುವಿನಲ್ಲಿ ಆರೋಹಿ, ಅವರೋಹಿ ಎಂದು ಉಪಭೇದಗಳಿವೆ. ಅರವತ್ತನ್ನು ಅರವತ್ತೊಂದು ಮಾಡುವುದು ಆರೋಹಿ. ಅದು ಬಂದ ಕೂಡಲೇ ಮೂರನೆಯ ಮೇಷ್ಟ್ರು ಬರುವುದಿಲ್ಲ. ಪ್ರಸ್ತಾವನೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ, ಅಲ್ಲಿಂದ ಉಪನಿರ್ದೇಶಕರಿಗೆ, ಅಲ್ಲಿಂದ ಬೆಂಗಳೂರಿಗೆ ಹೋಗಬೇಕು. ಹಣಕಾಸು ಇಲಾಖೆ ಒಪ್ಪಬೇಕು. ನೇಮಕಾತಿ ಅಧಿಸೂಚನೆ, ಪರೀಕ್ಷೆ, ತಡೆಯಾಜ್ಞೆ, ಪರಿಷ್ಕೃತ ಪಟ್ಟಿ ಎಲ್ಲ ಆಗಬೇಕು. ಅಷ್ಟರಲ್ಲಿ ಆ ಮಗು ಪ್ರೌಢಶಾಲೆಯಲ್ಲಿರುತ್ತದೆ. ಅರವತ್ತೊಂದನ್ನು ಅರವತ್ತು ಮಾಡಿ ಹೋಗುವುದು ಅವರೋಹಿ. ಇದರ ಪರಿಣಾಮಕ್ಕೆ ಅಷ್ಟು ಹೊತ್ತು ಹಿಡಿಯುವುದಿಲ್ಲ. ವರ್ಗಾವಣೆಯ ಋತುವಿನಲ್ಲಿ ‘ಹೆಚ್ಚುವರಿ ಶಿಕ್ಷಕರ ಪಟ್ಟಿ’ ಎಂಬುದೊಂದು ಹೊರಬೀಳುತ್ತದೆ. ಕೌನ್ಸೆಲಿಂಗ್‌ಗೆ ಕರೆ ಬರುತ್ತದೆ. ಮೇಷ್ಟ್ರು ಸಂಸಾರ ಕಟ್ಟಿಕೊಂಡು ಬೇರೆ ಹೋಬಳಿಗೆ ಹೊರಡುತ್ತಾರೆ. ಅಂದರೆ ಏರುವವರಿಗೆ ಮೆಟ್ಟಿಲು, ಇಳಿಯುವವರಿಗೆ ಜಾರುಬಂಡೆ.

ಮೇ ತಿಂಗಳ ಕೊನೆಯಲ್ಲಿ ಹೆಡ್‌ಮಾಸ್ತರು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರನ್ನು ಕರೆದುಕೊಂಡು ಮನೆಮನೆಯ ಕದ ತಟ್ಟುವುದಕ್ಕೆ ಈ ಜಾರುಬಂಡೆಯೇ ಕಾರಣ. ಆಗ ಅವರು ಹೇಳುವ ಮಾತು ಶಾಸ್ತ್ರಕಾರನಿಗೆ ಬಹಳ ಮುಖ್ಯ: “ನಿಮ್ಮ ಮಗು ಬಂದರೆ ನಮ್ಮ ಶಾಲೆ ಉಳಿಯುತ್ತೆ ಕಣಮ್ಮಾ.” ಶಾಲೆಯಿಂದ ಮಗು ಉದ್ಧಾರವಾಗಬೇಕೆಂಬುದು ಹಳೆಯ ಮತ, ಮಗುವಿನಿಂದ ಶಾಲೆ ಉದ್ಧಾರವಾಗಬೇಕೆಂಬುದು ನವ್ಯಮತ. ಕೆಲವು ಮೇಷ್ಟ್ರುಗಳು ಒಂದನೆಯ ತರಗತಿಗೆ ಸೇರಿದ ಮಗುವಿನ ಹೆಸರಿನಲ್ಲಿ ತಮ್ಮ ಕೈಯಿಂದಲೇ ಬ್ಯಾಂಕಿಗೆ ದುಡ್ಡು ಹಾಕುತ್ತಾರೆ, ಗೋಡೆಗೆ ರೈಲಿನ ಬಣ್ಣ ಬಳಿಸುತ್ತಾರೆ. ಈ ಖರ್ಚು ಯಾವ ಲೆಕ್ಕ ಶೀರ್ಷಿಕೆಯಲ್ಲೂ ಇಲ್ಲ.

ಸೂತ್ರದ ನಿಜವಾದ ದೋಷ ಇನ್ನೂ ಆಳದಲ್ಲಿದೆ. ಅದು ತಲೆಗಳನ್ನು ಎಣಿಸುತ್ತದೆ, ತರಗತಿಗಳನ್ನು ಎಣಿಸುವುದಿಲ್ಲ. ಇಪ್ಪತ್ತು ಮಕ್ಕಳಿದ್ದರೂ ಐದು ತರಗತಿಗಳೇ, ಅರವತ್ತಿದ್ದರೂ ಐದೇ, ಇಬ್ಬರೇ ಕಲಿಸಬೇಕು. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಮೊಳೆತ ‘ನಲಿ-ಕಲಿ’ ಮೊದಲ ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ಗುಂಪುಗಳಾಗಿ ಕೂರಿಸಿ ಕಲಿಸುವ ದಾರಿ ತೋರಿಸಿತು. ಮೇಷ್ಟ್ರುಗಳೇ ಕಟ್ಟಿದ ಒಳ್ಳೆಯ ವಿದ್ಯೆ ಅದು. ರಾಜ್ಯದಾದ್ಯಂತ ಹರಡಿದ ಮೇಲೆ ಅದು ಆಯವ್ಯಯಕ್ಕೂ ಅನುಕೂಲವಾಗಿ ಒದಗಿತು ಎಂಬುದನ್ನು ಮಾತ್ರ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. 2024-25ರಲ್ಲಿ ದೇಶದಲ್ಲಿ ಏಕೋಪಾಧ್ಯಾಯ ಶಾಲೆಗಳು ಒಂದು ಲಕ್ಷಕ್ಕೂ ಮೇಲಿದ್ದವು. ಕರ್ನಾಟಕದಲ್ಲೇ ಏಳು ಸಾವಿರಕ್ಕೂ ಮಿಕ್ಕಿ. ಒಬ್ಬರೇ ಮೇಷ್ಟ್ರು ಐದು ತರಗತಿಗಳಿಗೆ ಪಾಠ ಮಾಡಿ, ಅಕ್ಕಿಯ ಲೆಕ್ಕ ಬರೆದು, ಬೂತ್ ಮಟ್ಟದ ಅಧಿಕಾರಿಯಾಗಿ ಮತದಾರರ ಪಟ್ಟಿಯನ್ನೂ ತಿದ್ದುವ ಈ ಸ್ಥಿತಿಗೆ ಅದ್ವೈತವೆಂದು ಹೆಸರಿಡಬಹುದಾಗಿತ್ತು. ದಾರ್ಶನಿಕರ ಕೋಪಕ್ಕೆ ಹೆದರಿ ಬಿಟ್ಟಿದ್ದೇನೆ.

ಎರಡನೆಯದು ಅನ್ನಶಿಶು. ಇದರ ಲಕ್ಷಣ ಗ್ರಾಮಿನಲ್ಲಿದೆ: ಐದನೆಯ ತರಗತಿಯವರೆಗೆ ದಿನಕ್ಕೆ 100 ಗ್ರಾಂ ಅಕ್ಕಿ, ಆರರಿಂದ ಎಂಟರವರೆಗೆ 150. ಅಕ್ಷರ ದಾಸೋಹ 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ಉಳಿದೆಡೆ ಹಬ್ಬಿದಂದಿನಿಂದ ಈ ಪ್ರಭೇದ ಅಸ್ತಿತ್ವದಲ್ಲಿದೆ. 2013ರ ಆಗಸ್ಟಿನಲ್ಲಿ ಕ್ಷೀರಭಾಗ್ಯ ಬಂದು 150 ಮಿಲಿಲೀಟರ್ ಹಾಲೂ ಸೇರಿತು. ಆಮೇಲೆ ಮೊಟ್ಟೆ ಬಂತು, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು, ಚಿಕ್ಕಿ ಬಂತು. ಮೊಟ್ಟೆಯ ಜೊತೆಗೆ ವಾದವೂ ಬಂತು, ಅದು ಬೇರೆ ಗ್ರಂಥದ ವಿಷಯ. ಪದಾರ್ಥದ ಖರ್ಚನ್ನು ಕೇಂದ್ರ, ರಾಜ್ಯಗಳು 60:40ರ ಲೆಕ್ಕದಲ್ಲಿ ಹಂಚಿಕೊಳ್ಳುತ್ತವೆ. ಹಾಲಿನಂಥ ಹೆಚ್ಚಿನ ಮಮತೆ ರಾಜ್ಯದ ಕಿಸೆಯಿಂದ.

ಸಕಲ ಪ್ರಭೇದಗಳಲ್ಲಿ ಅನ್ನಶಿಶುವೇ ಅತ್ಯಂತ ಸತ್ಯವಂತ ಎಂಬುದು ನನ್ನ ಸಿದ್ಧಾಂತ. ಬೇರೆ ಕಡತಗಳು ವರ್ಷಕ್ಕೊಮ್ಮೆ ಎಣಿಸುತ್ತವೆ, ಅಡುಗೆಮನೆ ದಿನಾ ಎಣಿಸುತ್ತದೆ. ಬೆಳಿಗ್ಗೆ ಅಡುಗೆಯವರು ಬಾಗಿಲಲ್ಲಿ ನಿಂತು “ಇವತ್ತು ಎಷ್ಟು ಸಾರ್?” ಎಂದು ಕೇಳಿದಾಗ ಮೇಷ್ಟ್ರು ಹೇಳುವ ಸಂಖ್ಯೆಯಲ್ಲಿ ಕವಿಸಮಯಕ್ಕೆ ಹೆಚ್ಚು ಅವಕಾಶವಿಲ್ಲ, ಜಾಸ್ತಿ ಹೇಳಿದರೆ ಸಾರು ಮಿಕ್ಕುತ್ತದೆ, ಕಮ್ಮಿ ಹೇಳಿದರೆ ಕೊನೆಯ ಸಾಲು ಕೂಗುತ್ತದೆ. ಮೊಟ್ಟೆಯ ದಿನ ಸಂಖ್ಯೆ ಏರುತ್ತದೆ, ಊರ ಜಾತ್ರೆಯ ದಿನ ಇಳಿಯುತ್ತದೆ. ರಾಜ್ಯದ ನಿಜವಾದ ದಾಖಲಾತಿ ತಿಳಿಯಬೇಕೆನ್ನುವ ವಿದ್ವಾಂಸರು ಸಚಿವಾಲಯದ ವರದಿಯನ್ನು ಬಿಟ್ಟು ಬೇಳೆಯ ಸ್ಟಾಕ್ ಪುಸ್ತಕವನ್ನು ನೋಡಬೇಕು.

ಮೂರನೆಯದು ಗತವರ್ಷ ಶಿಶು, ಹೆಚ್ಚು ಬೆಳೆಸುವಂಥದ್ದೇನಿಲ್ಲ. ಪಠ್ಯಪುಸ್ತಕ, ಸಮವಸ್ತ್ರಗಳ ಬೇಡಿಕೆಪಟ್ಟಿ ಹಿಂದಿನ ವರ್ಷದ ಸಂಖ್ಯೆಯನ್ನು ಹಿಡಿದು ತಯಾರಾಗುತ್ತದೆ. ಆದ್ದರಿಂದ ಮಕ್ಕಳು ಕಡಿಮೆಯಾಗುತ್ತಿರುವ ಶಾಲೆಯಲ್ಲಿ ಪುಸ್ತಕ ಮಿಕ್ಕಿ ಕಪಾಟು ಸೇರುತ್ತದೆ. ಮಕ್ಕಳು ಹೆಚ್ಚಾಗುತ್ತಿರುವ ಶಾಲೆಯಲ್ಲಿ ಒಂದು ಪುಸ್ತಕಕ್ಕೆ ಎರಡು ಮೂಗು. ಊರೂರು ಅಲೆದು ಮಕ್ಕಳನ್ನು ಕೂಡಿಸಿದ ಹೆಡ್‌ಮಾಸ್ತರಿಗೆ ಜೂನ್‌ನಲ್ಲಿ ಸಿಗುವ ಮೊದಲ ಬಹುಮಾನ ಇದು.

ನಾಲ್ಕನೆಯದು ಮರುಪಾವತಿ ಶಿಶು, ಅಳಿವಿನಂಚಿನ ಪ್ರಭೇದ. ಶಿಕ್ಷಣ ಹಕ್ಕು ಕಾಯ್ದೆಯ 12ನೆಯ ಸೆಕ್ಷನ್ನಿನ ಪ್ರಕಾರ ಖಾಸಗಿ ಶಾಲೆಗಳು ಕಾಲುಭಾಗ ಸೀಟುಗಳನ್ನು ದುರ್ಬಲ ವರ್ಗದವರಿಗೆ ಕೊಡಬೇಕು, ಸರ್ಕಾರ ಶುಲ್ಕ ತುಂಬಿಕೊಡಬೇಕು. ಕರ್ನಾಟಕದಲ್ಲಿ ಇದು 2012-13ರಿಂದ ಕಾಣಿಸಿಕೊಂಡಿತು. ಒಂದನೆಯ ತರಗತಿಯ ಮಗುವಿಗೆ ವರ್ಷಕ್ಕೆ ಮೊದಲು 11,848 ರೂಪಾಯಿ, ಆಮೇಲೆ 16,000. ಸರ್ಕಾರ ತನ್ನ ಶಾಲೆಯಿಂದ ಮಗುವನ್ನು ಕಳಿಸಿಕೊಟ್ಟು, ಮೇಲೆ ದಕ್ಷಿಣೆಯನ್ನೂ ಕೊಡುವ ಈ ಕ್ರಮವನ್ನು ಕನ್ಯಾದಾನ ಪ್ರಕರಣದಲ್ಲಿ ಸೇರಿಸಬೇಕೋ ಎಂದು ನನಗೆ ಬಹುಕಾಲ ಸಂಶಯವಿತ್ತು. 2019-20ರಿಂದ ನಿಯಮ ಬದಲಾಯಿತು. ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಅಲ್ಲಿನ ಖಾಸಗಿ ಶಾಲೆಯಲ್ಲಿ ಈ ಸೀಟು ಇಲ್ಲ. ಸರ್ಕಾರಿ ಶಾಲೆ ಇಲ್ಲದ ಊರನ್ನು ಈ ರಾಜ್ಯದಲ್ಲಿ ಹುಡುಕುವುದು ಕಷ್ಟ. ಹಾಗಾಗಿ ಹೊಸ ಮರುಪಾವತಿ ಶಿಶುಗಳ ಜನನ ಬಹುಮಟ್ಟಿಗೆ ನಿಂತಿತು. 2018-19ರಲ್ಲಿ ಎಲ್‌ಕೆಜಿಗೆ ಸೇರಿದವರು ಎಂಟನೆಯ ತರಗತಿ ಮುಟ್ಟುವುದು 2027-28ರಲ್ಲಿ. ದೊಡ್ಡ ತಂಡಗಳಲ್ಲಿ ಅದೇ ಕೊನೆಯದು.

ಐದನೆಯದಾದ ಛಾಯಾ ಶಿಶುವಿಗೆ ದೇಹವಿಲ್ಲ, ನಮೂದು ಮಾತ್ರವಿದೆ. ಸರ್ಕಾರಿ ಶಾಲೆಯಲ್ಲೂ ಹೆಸರು, ಪಕ್ಕದ ಕಾನ್ವೆಂಟಿನಲ್ಲೂ ಹೆಸರು. ದೇಶದ ಶಾಲಾ ಗಣತಿಯಾದ ಯುಡೈಸ್ ಪ್ಲಸ್ ಮೊದಲು ಶಾಲೆಗೊಂದು ಒಟ್ಟು ಸಂಖ್ಯೆ ಕೇಳುತ್ತಿತ್ತು. 2022-23ರಿಂದ ಮಗುವಿನಿಂದ ಮಗುವಿಗೆ ಹೆಸರು ಹಿಡಿದು ಕೇಳತೊಡಗಿತು. 2021-22ರಲ್ಲಿ 26.52 ಕೋಟಿಯಿದ್ದ ದೇಶದ ದಾಖಲಾತಿ ಮರುವರ್ಷವೇ 25.17 ಕೋಟಿಗೆ ಇಳಿಯಿತು. ಇಷ್ಟು ದೊಡ್ಡ ಜನಸ್ತೋಮ ಒಂದು ರಾತ್ರಿಯಲ್ಲಿ ಶಾಲೆ ಬಿಡಲಾರದು. ಎಣಿಸುವ ಕ್ರಮ ಬದಲಾದುದರಿಂದ ಹಿಂದಿನ ಸಂಖ್ಯೆಗಳೊಡನೆ ಹೋಲಿಸಲಾಗದು ಎಂದು ಕೇಂದ್ರ ಸಚಿವಾಲಯ ಹೇಳಿತು. ಬೆಳಕು ಬಿದ್ದಾಗ ನೆರಳು ಕರಗುವುದು ಸಹಜವೇ. ಆದರೆ ಆವರೆಗೆ ಆ ನೆರಳುಗಳ ಪಾಲಿನ ಪುಸ್ತಕ, ಬಟ್ಟೆಗಳನ್ನು ಯಾರು ತೊಟ್ಟರು ಎಂಬುದು ಲೆಕ್ಕಪರಿಶೋಧಕರ ಅಧಿಕರಣ.

ಆರನೆಯದು ಆಗಂತುಕ ಶಿಶು. ದಾಖಲಾತಿ ನಿಜವಾಗಿ ಏರಿದರೆ ಏನಾಗುತ್ತದೆಂಬ ಪ್ರಯೋಗವನ್ನು ಕೋವಿಡ್ ನಮಗೆ ಕೇಳದೆ ಮಾಡಿ ತೋರಿಸಿತು. ದುಡಿಮೆ ನಿಂತ ಮನೆಗಳವರು ಖಾಸಗಿ ಶಾಲೆಯಿಂದ ಟಿಸಿ ತಂದರು. ಅಸರ್ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದಲ್ಲಿ 6ರಿಂದ 14 ವಯಸ್ಸಿನ ಮಕ್ಕಳಲ್ಲಿ ಸರ್ಕಾರಿ ಶಾಲೆಯಲ್ಲಿದ್ದವರು 2018ರಲ್ಲಿ ಶೇ. 65.6, 2022ರಲ್ಲಿ ಶೇ. 72.9. ಆ ಹೆಚ್ಚಿನ ಮಕ್ಕಳಿಗೆ ತಕ್ಕಷ್ಟು ಕಾಯಂ ಹುದ್ದೆಗಳು ಹುಟ್ಟಲಿಲ್ಲ. ನಮ್ಮಲ್ಲಿ ತಿಂಗಳಿಗೆ ಹತ್ತು ಸಾವಿರದ ಆಸುಪಾಸಿನ ಗೌರವಧನಕ್ಕೆ ಅತಿಥಿ ಶಿಕ್ಷಕರು ಬಂದರು. ವರ್ಷದ ಹತ್ತು ತಿಂಗಳು ದುಡಿದು, ಏಪ್ರಿಲ್ ಬಂದರೆ ಮನೆಗೆ ಹೋಗಿ, ಜೂನ್‌ನಲ್ಲಿ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಕಾಯುವವರನ್ನು ಅತಿಥಿ ಎನ್ನುವ ಸೌಜನ್ಯ ಇಲಾಖೆಯದು. ಮಂಜೂರಾದ ಹುದ್ದೆಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಖಾಲಿ ಇರಬಾರದೆಂದು ಶಿಕ್ಷಣ ಹಕ್ಕು ಕಾಯ್ದೆಯ 26ನೆಯ ಸೆಕ್ಷನ್ ಹೇಳುತ್ತದೆ. ಖಾಲಿ ಹುದ್ದೆಗೆ ಸಂಬಳವಿಲ್ಲ, ಇಂಕ್ರಿಮೆಂಟಿಲ್ಲ, ಪಿಂಚಣಿಯಿಲ್ಲ. ಹಣಕಾಸು ಇಲಾಖೆಗೆ ಅದಕ್ಕಿಂತ ಮಿತವ್ಯಯಿ ನೌಕರ ಬೇರಿಲ್ಲ. 2024ರ ಹೊತ್ತಿಗೆ ಅಸರ್‌ನ ಅಂಕಿ ಶೇ. 66.8ಕ್ಕೆ ಮರಳಿತ್ತು. ಬಂದ ಮಕ್ಕಳು ಕಾದು ನೋಡಿ ಹೊರಟಿದ್ದರು.

ಬೇಡಿಕೆಯೇ ಇಲ್ಲವೆಂದು ಹೇಳುವವರಿಗೆ ಒಂದು ಪ್ರತ್ಯುದಾಹರಣೆ ಕೊಡಬೇಕು. 2019-20ರಲ್ಲಿ ಸುಮಾರು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆದಾಗ ಒಂದನೆಯ ತರಗತಿಗೆ ಮೂವತ್ತೇ ಮಕ್ಕಳೆಂದು ಮಿತಿ ಹಾಕಲಾಗಿತ್ತು. ಕೆಲವೆಡೆ ತಂದೆತಾಯಿಗಳು ಸಾಲು ನಿಂತರು. ಮೂವತ್ತೊಂದನೆಯ ಮಗುವಿಗೆ ಜಾಗವಿಲ್ಲ ಎಂದು ಹೇಳಬೇಕಾಗಿ ಬಂದದ್ದು, ವರ್ಷವಿಡೀ ಮಕ್ಕಳನ್ನು ಹುಡುಕುವ ಅದೇ ಇಲಾಖೆಗೆ. ಮಾಧ್ಯಮದ ತರ್ಕ ನನಗೆ ಒಪ್ಪಿಗೆಯಿಲ್ಲ, ಆದರೆ ಸಾಲು ನಿಂತದ್ದು ಸುಳ್ಳಲ್ಲ.

ಇನ್ನು ಅಭಾವ ನಿರೂಪಣೆ. ವೈಶೇಷಿಕರು ಇಲ್ಲದಿರುವುದನ್ನೂ ಒಂದು ಪದಾರ್ಥವೆಂದೇ ಒಪ್ಪಿ ನಾಲ್ಕಾಗಿ ವಿಂಗಡಿಸಿದ್ದಾರೆ. ಶಿಕ್ಷಣ ಇಲಾಖೆಗೆ ಇದಕ್ಕಿಂತ ಒಗ್ಗುವ ದರ್ಶನ ಮತ್ತೊಂದಿಲ್ಲ. ಇನ್ನೂ ಬರದಿರುವುದು ಪ್ರಾಗಭಾವ. ಜೂನ್ 1ಕ್ಕೆ ಆರು ವರ್ಷ ತುಂಬಿದ್ದರಷ್ಟೇ ಒಂದನೆಯ ತರಗತಿ ಎಂಬ 2022ರ ಆದೇಶ 2025-26ರಿಂದ ಜಾರಿಯಾಗಬೇಕಿತ್ತು. ಪೋಷಕರ ಒತ್ತಡಕ್ಕೆ ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಿಗೆ ಇಳಿಯಿತು. ಏಳು ತಿಂಗಳ ಅಂತರದಲ್ಲಿ ಹುಟ್ಟಿದ ಮಕ್ಕಳು ಒಂದು ಆದೇಶದಿಂದ ಮಾಯವಾಗಿ ಇನ್ನೊಂದರಿಂದ ಪ್ರತ್ಯಕ್ಷರಾದರು. ಇದ್ದು ಹೋದದ್ದು ಪ್ರಧ್ವಂಸಾಭಾವ. ಇದರ ಪ್ರಮಾಣಪತ್ರವೇ ಟಿಸಿ. ಇದು ಅದಲ್ಲ ಎಂಬುದು ಅನ್ಯೋನ್ಯಾಭಾವ. ಅಂಗನವಾಡಿಯ ಮಗು ಶಾಲೆಯ ಮಗುವಲ್ಲ, ಶಾಲೆಯ ಎಲ್‌ಕೆಜಿ ಮಗು ಅಂಗನವಾಡಿಯದ್ದಲ್ಲ. ಮೂರರಿಂದ ಆರರೊಳಗಿನ ಆ ಒಂದೇ ಮಗುವಿಗಾಗಿ ಎರಡು ಇಲಾಖೆಗಳು ಎಳೆದಾಡಿದ್ದನ್ನೂ, ಅಂಗನವಾಡಿ ಕಾರ್ಯಕರ್ತೆಯರು ಬೀದಿಗಿಳಿದದ್ದನ್ನೂ ನೋಡಿದ್ದೇವೆ. ಎಂದೂ ಎಲ್ಲೂ ಇಲ್ಲದಿರುವುದು ಅತ್ಯಂತಾಭಾವ, ಅಂದರೆ ಶೂನ್ಯ ದಾಖಲಾತಿ. 2024-25ರಲ್ಲಿ ದೇಶದಲ್ಲಿ ಒಂದೂ ಮಗುವಿಲ್ಲದ ಶಾಲೆಗಳು 7,993, ಅವುಗಳಲ್ಲಿ ಶಿಕ್ಷಕರು ಇಪ್ಪತ್ತು ಸಾವಿರಕ್ಕೂ ಹೆಚ್ಚು. ಬಹುಪಾಲು ಪಶ್ಚಿಮ ಬಂಗಾಳದವರು. ಜಂಗಮ ಸೊನ್ನೆಯಾದರೂ ಸ್ಥಾವರ ನಿಲ್ಲಬಲ್ಲದು ಎಂಬುದಕ್ಕೆ ಇದಕ್ಕಿಂತ ಶುದ್ಧ ದೃಷ್ಟಾಂತ ಸಿಗದು.

ಈಗ ‘ತಲಾ ವೆಚ್ಚ’ ಎಂಬ ಹೇತ್ವಾಭಾಸ. ಇಬ್ಬರು ಶಿಕ್ಷಕರ ಸಂಬಳ ವರ್ಷಕ್ಕೆ 15 ಲಕ್ಷವೆಂದು ಇಟ್ಟುಕೊಳ್ಳೋಣ. 60 ಮಕ್ಕಳಿದ್ದರೆ ತಲೆಗೆ 25 ಸಾವಿರ. ಐವತ್ತು ಮಕ್ಕಳು ಬಿಟ್ಟುಹೋದರೆ ಒಂದೂವರೆ ಲಕ್ಷ. ಸರ್ಕಾರ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡದೆ ಆರು ಪಟ್ಟು ಉದಾರಿಯಾಯಿತು. ‘ಒಂದೂವರೆ ಲಕ್ಷಕ್ಕೆ ದೊಡ್ಡ ಕಾನ್ವೆಂಟಿಗೇ ಕಳಿಸಬಹುದಲ್ಲ’ ಎಂದು ಆಗ ತಾರ್ಕಿಕರು ಏಳುತ್ತಾರೆ. ಮುಂದೆ ವಿಲೀನದ ಸುತ್ತೋಲೆ ಬರುತ್ತದೆ. ಒಂದು ಕಿಲೋಮೀಟರ್ ಒಳಗಿದ್ದ ಶಾಲೆ ದೂರವಾದ ಮೇಲೆ ಆರು ವರ್ಷದ ಮಗುವನ್ನು ಹಳ್ಳ ದಾಟಿಸಿ ನಡೆಸುವ ಬದಲು ಮನೆ ಬಾಗಿಲಿಗೆ ಬರುವ ಹಳದಿ ವ್ಯಾನು ಹತ್ತಿಸುವುದೇ ವಾಸಿ ಎನ್ನುತ್ತಾಳೆ ತಾಯಿ. ವಿಲೀನವಾದ ಶಾಲೆಯ ಮಕ್ಕಳಲ್ಲಿ ವ್ಯಾನು ಹತ್ತಿದವರು ಹೊಸ ಶಾಲೆಯ ಲೆಕ್ಕಕ್ಕೂ ಬರುವುದಿಲ್ಲ. ಅಲ್ಲಿಯೂ ತಲಾ ವೆಚ್ಚ ಏರತೊಡಗುತ್ತದೆ.

ಕೊನೆಗೆ ಶೇಷ ಪ್ರಕರಣ. ಶಾಲಾ ಗಣತಿಗೆ ಬಹುಕಾಲ ಸೆಪ್ಟೆಂಬರ್ 30 ಮೂಲದಿನವಾಗಿತ್ತು. ಯಾದಗಿರಿ, ಕಲಬುರಗಿ, ರಾಯಚೂರುಗಳ ಕಡೆಯಿಂದ ಜನ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಡುವುದು ಮುಂಗಾರು ಬೆಳೆಯ ಕೆಲಸ ಮುಗಿದ ಮೇಲೆ. ಊರ ಶಾಲೆಯ ವಿದ್ಯಾರ್ಥಿ ದಾಖಲೆ ತಂತ್ರಾಂಶವಾದ ಸ್ಯಾಟ್ಸ್‌ನಲ್ಲಿ ಹೆಸರು ಬಿಟ್ಟು ಬಂದ ಮಗು ನವೆಂಬರಿನಲ್ಲಿ ನಗರದಂಚಿನ ಶಾಲೆಯ ಕೊನೆಯ ಬೆಂಚಿನಲ್ಲಿ ಕೂತಿದೆ. ಹುದ್ದೆಯ ಲೆಕ್ಕದಲ್ಲಿ ಅದು ಇನ್ನೂ ಊರಿನ ಅರವತ್ತೊಂದನೆಯದು, ಪುಸ್ತಕದ ಲೆಕ್ಕದಲ್ಲಿ ಎಲ್ಲಿಯದೂ ಅಲ್ಲ, ಅನ್ನದ ಲೆಕ್ಕದಲ್ಲಿ ಮಾತ್ರ ಇಲ್ಲಿಯದು. ತಟ್ಟೆ ಹಿಡಿದು ನಿಂತವರಿಗೆ ನಿನ್ನ ಸ್ಯಾಟ್ಸ್ ಸಂಖ್ಯೆ ಎಷ್ಟೆಂದು ಅಡುಗೆಯವರು ಕೇಳುವುದಿಲ್ಲ. ಇದು ಛಾಯೆಯೋ, ಆಗಂತುಕವೋ, ಊರಿನ ಪಾಲಿಗೆ ಪ್ರಧ್ವಂಸಾಭಾವವೋ ಎಂದು ನಿರ್ಣಯಿಸುವುದು ಈ ಗ್ರಂಥಕ್ಕೆ ಆಗಲಿಲ್ಲ. ಅಲ್ಲಿನ ಹೆಡ್‌ಮಾಸ್ತರು ಮಾರ್ಗದರ್ಶನ ಕೋರಿ ಮೇಲಿನ ಕಚೇರಿಗೆ ಪತ್ರ ಬರೆಯಬಹುದು. ಯುಗಾದಿಗೆ ಆ ಸಂಸಾರ ಊರಿಗೆ ಹಿಂದಿರುಗುತ್ತದೆ. ಉತ್ತರ ಅದಕ್ಕೆ ಮೊದಲು ಬಂದದ್ದುಂಟೇ?